ಬುಗುರಿ ಸಿಂಪಿ

ದಾಂಡೇಲಿಯಲ್ಲಿ ಕಾಗದದ ಗಿರಣಿ ಎದ್ದು ಕೆಲಸಗಾರರ ಮನೆಗಳು ಸಾಲಾಗಿ ಬೆಳೆದಾಗ ಗೋಡೆಗಳಿಗೆ ಸುಣ್ಣ ಬೇಕಾಯಿತು. ಹಳಿಯಾಳದ ಪರಸಪ್ಪ ಊರ ಹೊರಗೆ ಸುಣ್ಣದ ಭಟ್ಟಿ ಹಾಕಿ ಸಿಂಪಿ, ಅಂದರೆ ಕಡಲ ಚಿಪ್ಪು, ಸುಡತೊಡಗಿದ. ಕಾರವಾರದ ಕಡಲ ದಂಡೆಯಿಂದ ಸಿಂಪಿ ತರುವುದು, ಸುಡುವ ಮುಂಚೆ ಅದನ್ನು ಆರಿಸುವುದು ಅವನ ಹೆಂಡತಿ ಸಿದ್ದಕ್ಕನ ಪಾಲಿಗೆ ಬಂತು.

ಮೊದಮೊದಲು ಆಕೆಗೆ ತಲೆಬುಡ ತಿಳಿಯುತ್ತಿರಲಿಲ್ಲ. ಒಂದು ದಂಡೆಯಲ್ಲಿ ಕಂದಾಗಿದ್ದ ಸಿಂಪಿ ಮುಂದಿನ ದಂಡೆಯಲ್ಲಿ ಬಿಳಿಯದು, ಅದರಾಚೆ ಪಟ್ಟೆಪಟ್ಟೆಯದು. ಮೂರೂ ಬೇರೆ ಎಂದುಕೊಂಡರೆ ಮೂರೂ ಒಂದೇ ಜಾತಿ. ಅಲ್ಲಿಯ ಮೀನುಗಾರ ಮುದುಕಿಯೊಬ್ಬಳು ತನ್ನ ಹರಕು ಕನ್ನಡದಲ್ಲಿ ಹೇಳಿಕೊಟ್ಟಿದ್ದಳು: "ಬಣ್ಣ ನೋಡೂದು ಬೇಡ. ಬಾಯಿ ನೋಡು." ಬುಗುರಿಯ ಆಕಾರ, ಉದ್ದಕ್ಕೂ ಸೀಳಿದಂಥ ಬಾಯಿ ಇದ್ದರೆ, ಒಳಗೆ ಹುಳ ಜೀವಂತ ಇದ್ದರೆ ಮುಟ್ಟಬಾರದು, ಅದು ಚುಚ್ಚುತ್ತದೆ. ಒಬ್ಬ ಮೀನುಗಾರ ಹಾಗೇ ಸತ್ತಿದ್ದನಂತೆ.

ಅರವತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಸಿದ್ದಕ್ಕ ನೆಗೆಣ್ಣಿ ಮಾಲವ್ವನನ್ನು ಜೊತೆಗೆ ಕರೆದೊಯ್ದಳು. ಗಿರಣಿಯಲ್ಲಿ ದುಡಿಯುತ್ತಿದ್ದ ಮೈದುನ ಉಳವಪ್ಪನ ಹೊಸ ಹೆಂಡತಿ ಅವಳು, ಕಡಲು ಕಂಡವಳಲ್ಲ. ಉಳವಪ್ಪನಿಗೆ ಕಳಿಸಲು ಅಷ್ಟು ಮನಸ್ಸಿರಲಿಲ್ಲ. "ಜ್ವಾಕಿಲೆ ಕರ್ಕೊಂಡ ಬರ್ರಿ ಅತ್ತಿಗಿ" ಎಂದಷ್ಟೇ ಹೇಳಿ ಕಳಿಸಿದ್ದ.

ತಿರುಗಿ ಬರುವ ದಿನ ನಸುಕಿನಲ್ಲೇ ಸಿಂಪಿ ಹೇರಿಕೊಂಡ ಲಾರಿ ಹೊರಟಿತು. ಘಟ್ಟ ಹತ್ತಿ ಕುಂಬಾರವಾಡ ಮುಟ್ಟಿದಾಗ ಎಂಜಿನ್ನಿಗೆ ನೀರು ಹಾಕಲು ಚಾಲಕ ಸೋಮಪ್ಪ ಗಾಡಿ ನಿಲ್ಲಿಸಿದ. ಮಾಲವ್ವ ರಸ್ತೆ ಬದಿಯ ಹುಲ್ಲಿನಲ್ಲಿ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಬಂದು, "ಯಕ್ಕಾ, ಬಟ್ಟು ಜೋಮು ಹಿಡದೈತಿ" ಎಂದಳು. ಬೆರಳ ತುದಿಯಲ್ಲಿ ಮುಳ್ಳು ಚುಚ್ಚಿದಷ್ಟು ಸಣ್ಣ ಕಲೆ. ಸಿದ್ದಕ್ಕ ನೋಡುತ್ತಿದ್ದಂತೆಯೇ ಅವಳ ಮಾತು ತೊದಲಿತು, ರೆಪ್ಪೆಗಳು ಜೋಲಿದವು.

"ಹಾವ ಮುಟ್ಟೇತಿ!" ಎಂದ ಸೋಮಪ್ಪ. ಹತ್ತಿರದ ಗದ್ದೆಯಿಂದ ಜನ ಓಡಿಬಂದರು. ಬೇರು ಅರೆದು ಕುಡಿಸುವವನು ಪಕ್ಕದ ಹಳ್ಳಿಯಲ್ಲಿದ್ದಾನೆ, ಕರೆಸೋಣ, ಅಲ್ಲಿಯವರೆಗೆ ಅಲುಗಾಡಿಸಬೇಡಿ ಎಂದರು. ಸಿದ್ದಕ್ಕ ಹುಲ್ಲಿನತ್ತ ನೋಡಿದಳು. ಹುಲ್ಲಿನಲ್ಲಿ ಹಾವೇ ಇದ್ದಿದ್ದರೆ? ನಿಲ್ಲಬೇಕೋ ಹೋಗಬೇಕೋ?

ಮಾಲವ್ವ ಕಡಲ ದಂಡೆಯಿಂದ ಹೊರಡುವಾಗ ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡಿದ್ದ ಗಂಟು ಬಿಚ್ಚಿಹೋಗಿತ್ತು. ಅವಳು ಕುಳಿತ ಜಾಗದಲ್ಲಿ ಸಿದ್ದಕ್ಕ ಕೋಲಿನಿಂದ ಹುಲ್ಲು ಸರಿಸಿ ಹುಡುಕಿದಳು. ಒಂದು ಸಿಂಪಿ ಸಿಕ್ಕಿತು. ಬಿಳಿಯ ಮೈ ಮೇಲೆ ಕಂದು ಬಲೆ ಹೆಣೆದಂಥ ಚಿತ್ತಾರ. ಇಂಥ ಬಣ್ಣದ್ದನ್ನು ಅವಳು ಕಂಡಿರಲಿಲ್ಲ. ಕೋಲಿನಿಂದ ಹೊರಳಿಸಿದಳು: ಚೂಪು ತುದಿ, ಉದ್ದನೆಯ ಸೀಳು ಬಾಯಿ. ಸೀಳಿನೊಳಗೆ ಏನೋ ಮೆಲ್ಲಗೆ ಹಿಂದೆ ಸರಿಯಿತು.

"ಹಾವಲ್ಲೋ, ಇದು. ದಾಂಡೇಲಿಗೆ ಹೊಡಿ" ಎಂದಳು. ಸಿಂಪಿಯನ್ನು ಕೋಲಿನಿಂದಲೇ ತಂಬಿಗೆಯೊಳಗೆ ತಳ್ಳಿ ಬಾಯಿಗೆ ಬಟ್ಟೆ ಕಟ್ಟಿದಳು.

ಕಾಡಿನ ದಾರಿಯುದ್ದಕ್ಕೂ ಮಾಲವ್ವನ ತಲೆ ಸಿದ್ದಕ್ಕನ ತೊಡೆಯ ಮೇಲಿತ್ತು. ಉಸಿರು ತಾಕುತ್ತದೋ ಇಲ್ಲವೋ ಎಂದು ಅವಳ ಮೂಗಿನ ಮುಂದೆ ಅಂಗೈ ಹಿಡಿದೇ ಕೂತಳು. ಲಾರಿ ಕುಲುಕಿದಾಗಲೆಲ್ಲ ಉಸಿರು ತಪ್ಪಿದಂತಾಗಿ, "ಇದ್ದೀ ಏನ್ ಮಾಲವ್ವಾ?" ಎಂದು ಕೂಗುತ್ತಿದ್ದಳು.

ದವಾಖಾನೆಯ ಡಾಕ್ಟರು ರೆಪ್ಪೆ ನೋಡಿ, "ಯಾವ ಹಾವು?" ಎಂದರು. ಸಿದ್ದಕ್ಕ ತಂಬಿಗೆ ಮುಂದಿಟ್ಟಳು. ಅವರು ಬಗ್ಗಿ ನೋಡಿದರು. "ಓದೇನಿ, ಕಂಡಿದ್ದಿಲ್ಲ. ಇದಕ್ಕ ಮದ್ದಿಲ್ಲವ್ವ. ವಿಷ ಇಳಿಯೂತನಕ ನಾವಽ ಉಸಿರಾಡಸಬೇಕು."

ಮಾಲವ್ವನನ್ನು ಬೋರಲು ಮಲಗಿಸಿ, ಬೆನ್ನು ಒತ್ತಿ, ಮೊಳಕೈ ಹಿಡಿದು ಎತ್ತುವುದನ್ನು ತೋರಿಸಿಕೊಟ್ಟರು. ಗಿರಣಿಯಿಂದ ಓಡಿಬಂದ ಉಳವಪ್ಪ, ಸಿದ್ದಕ್ಕ, ಸೋಮಪ್ಪ, ಡಾಕ್ಟರು ಪಾಳಿಯಲ್ಲಿ ಒತ್ತಿದರು, ಎತ್ತಿದರು. ಉಳವಪ್ಪ ಅತ್ತಿಗೆಯ ಮುಖವನ್ನೂ ನೋಡಲಿಲ್ಲ. ಬೈದಿದ್ದರೆ ಚೆನ್ನಿತ್ತು ಎನಿಸಿತು ಸಿದ್ದಕ್ಕನಿಗೆ.

ಮರುದಿನ ಬೆಳಗಾದ ಮೇಲೆ ಮಾಲವ್ವ ತಾನಾಗಿ ಉಸಿರೆಳೆದಳು, ಕಣ್ಣು ಬಿಟ್ಟಳು. "ಭಾಳ ಛಂದ ಇತ್ತು ಯಕ್ಕಾ, ಅದಕ್ಕ ಆರಿಸಿಕೊಂಡೆ" ಎಂದಳು. ಸಿದ್ದಕ್ಕ ಆಗ ಅತ್ತಳು.

ಉಳವಪ್ಪ ಅತ್ತಿಗೆಯ ಜೊತೆ ಮಾತಾಡಲು ಒಂದು ಮಳೆಗಾಲ ಹಿಡಿಯಿತು. ಮಾಲವ್ವನ ಬೆರಳ ಜೋಮು ಅಷ್ಟರಲ್ಲಿ ಬಿಟ್ಟಿತ್ತು. ದಿನವೂ ಭಟ್ಟಿಗೆ ಬಂದು ಸಿಂಪಿ ಆರಿಸುತ್ತಿದ್ದಳು. ಒಣಗಿದ ಸಿಂಪಿಯ ಚೀಲವನ್ನೂ ಸಿದ್ದಕ್ಕ ಮೊದಲು ತಾನೇ ಸುರುವಿ ಕೋಲಾಡಿಸಿದ ಮೇಲೆಯೇ ಅವಳನ್ನು ಹತ್ತಿರ ಬಿಡುತ್ತಿದ್ದಳು. "ಹುಳ ಸತ್ತು ತಿಂಗಳಾಗೇತಿ ಯಕ್ಕಾ!" ಎಂದು ಮಾಲವ್ವ ನಗುತ್ತಿದ್ದಳು.

ಮರುವರ್ಷ ಉಳವಪ್ಪ, ಮಾಲವ್ವ ಇಬ್ಬರೇ ಕಡಲು ನೋಡಲು ಹೋದರು. ಸಿದ್ದಕ್ಕ ಬೇಡವೆಂದರೂ ಕೇಳಲಿಲ್ಲ. ಅವರು ಬರಬೇಕಾಗಿದ್ದ ದಿನ ಸಿದ್ದಕ್ಕ ಭಟ್ಟಿಗೆ ಬೆಂಕಿ ಇಡಲಿಲ್ಲ. ಮುಂಜಾನೆಯಿಂದ ರಸ್ತೆಯಲ್ಲೇ ನಿಂತಳು. ಒಂದು ಬಸ್ಸು ಬಂತು, ಅದರಲ್ಲಿ ಇರಲಿಲ್ಲ. ಹೊತ್ತಿಳಿದ ಮೇಲೆ ಬಂದ ಬಸ್ಸಿನಿಂದ ಮಾಲವ್ವ ಇಳಿದಳು, ಹಿಂದೆಯೇ ಉಳವಪ್ಪ. ಸಿದ್ದಕ್ಕ ಅವಳ ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.