ಟೈರು ಕುಡಿದ ನೀರು

ಇವತ್ತು ಚಿಕ್ಕಯ್ಯನಛತ್ರದ ಪಂಕ್ಚರ್ ಅಂಗಡಿಯಲ್ಲಿ ಯಾರದೋ ಟ್ರ್ಯಾಕ್ಟರ್ ಟೈರಿನ ವಾಲ್ವ್ ಬಿಚ್ಚುತ್ತಿದ್ದಂತೆ ಹಳೇ ನೀರು ಚಿಮ್ಮಿತು. ಆ ರಬ್ಬರ್ ವಾಸನೆ ನನ್ನನ್ನು ಸೀದಾ ನಮ್ಮೂರ ಬೀದಿ ನಲ್ಲಿಯ ಮುಂದೆ ನಿಲ್ಲಿಸಿತು.

ನಾನಾಗ ಚಿಕ್ಕವಳು. ಕಬ್ಬಿನ ಲೋಡು ಎಳೆಯುವಾಗ ಚಕ್ರ ಜಾರುತ್ತದೆಂದು ಅವತ್ತು ಅಪ್ಪ ಟ್ರ್ಯಾಕ್ಟರಿನ ಹಿಂದಿನ ಟೈರುಗಳಿಗೆ ಭಾರಕ್ಕೆ ನೀರು ತುಂಬಿಸುತ್ತಿದ್ದರು. ನಲ್ಲಿಗೆ ಪೈಪು ಸಿಕ್ಕಿಸಿ, ಬೀಡಿ ಕಚ್ಚಿಕೊಂಡು, ಟೈರನ್ನು ತಟ್ಟಿ ತಟ್ಟಿ ನೀರು ಎಲ್ಲಿಗೆ ಬಂತೆಂದು ಕಿವಿಗೊಟ್ಟು ಕೇಳುತ್ತಿದ್ದರು. ನಾನು ಸೀಟಿನ ಮೇಲೆ ಕೂತು ಮೆರೆಯುತ್ತಿದ್ದೆ. ಕೆಳಗೆ ಖಾಲಿ ಬಿಂದಿಗೆಗಳ ಸಾಲು.

ನಮ್ಮಲ್ಲಿಗೆ ಕೂಲಿಗೆ ಬರುತ್ತಿದ್ದ ಚಿಕ್ಕತಾಯಮ್ಮ, "ಟ್ಯಾಕ್ಟ್ರು ಕುಡ್ದು ಮಿಕ್ಕುದ್ರೆ ನಮ್ಗೂ ಒಂದ್ ಬಿಂದ್ಗೆ ಬುಡಿ ಗೌಡ್ರೇ" ಅಂದರು.

"ಇನ್ನೊಸಿ ತಡಿ ಕಣಮ್ಮಿ, ಆಗೋಯ್ತು" ಎಂದು ಅಪ್ಪ ನಕ್ಕರು. ಅಪ್ಪ ನಕ್ಕರೆಂದು ನಾನೂ ನಕ್ಕೆ.

ಎರಡನೇ ಟೈರು ತುಂಬುವ ಹೊತ್ತಿಗೆ ನಲ್ಲಿ ನಿಂತುಹೋಯಿತು. ಚಿಕ್ಕತಾಯಮ್ಮ ಖಾಲಿ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಹೊಳೆಯ ಕಡೆ ನಡೆದರು. ಮಧ್ಯಾಹ್ನ ನಮ್ಮ ಗದ್ದೆಗೂ ಬಂದು, ಅದೇ ಟ್ರ್ಯಾಕ್ಟರಿಗೆ ಕಬ್ಬಿನ ಹೊರೆ ಹೊತ್ತು ಹಾಕಿದರು.

ಮುಂದೆ ಆ ಟ್ರ್ಯಾಕ್ಟರನ್ನು ಮಾರುವಾಗಲೂ ನೀರು ಟೈರಿನೊಳಗೇ ಇತ್ತು.

"ಒಸಿ ಅತ್ಲಾಗ್ ನಿಂತ್ಕಳಿ ಮೇಡಂ, ಸೀರೆ ನೆನೀತದೆ" ಎಂದ ಪಂಕ್ಚರ್ ಅಂಗಡಿಯವನು.

ಸರಿದು ನಿಂತೆ. ಅಷ್ಟರಲ್ಲಿ ಒಂದು ಬಿಂದಿಗೆಯಷ್ಟು ನೀರು ಚರಂಡಿ ಸೇರಿತ್ತು.