ಅಪ್ಪನ ನಾಡಿ

ನರ್ಸಿಂಗ್ ಪರೀಕ್ಷೆಗೆ ಓದುವಾಗ ಅವಳ ಕೈಗೆ ಸಿಕ್ಕ ರೋಗಿಯೆಂದರೆ ಅಪ್ಪ ಒಬ್ಬನೇ. ದರ್ಜಿ ಕೆಲಸದ ಅಪ್ಪ ಹೊಲಿಗೆ ಯಂತ್ರ ನಿಲ್ಲಿಸಿ, ಬಲಗೈ ಚಾಚಿ ಕೂರುತ್ತಿದ್ದ. ಅವಳು ನಾಡಿ ಹಿಡಿದು ಎಣಿಸುತ್ತಿದ್ದಳು. ಬಡಿತ ನಡುನಡುವೆ ತಪ್ಪುತ್ತಿತ್ತು. ಪುಸ್ತಕದ ಲೆಕ್ಕಕ್ಕೆ ಒಂದು ದಿನವೂ ತಾಳೆಯಾಗುತ್ತಿರಲಿಲ್ಲ.

“ಅಲ್ಲಾಡ್ಬೇಡಪ್ಪ! ನನ್ನ ಎಣಿಕೆಯೆಲ್ಲಾ ಹಾಳಾಗುತ್ತೆ,” ಎಂದು ರೇಗುತ್ತಿದ್ದಳು.

“ಈ ಕೈಯೇ ಸರಿಯಿಲ್ಲ ಕಣಮ್ಮ, ಇದನ್ನ ಹಿಡಿ,” ಎಂದು ಅಪ್ಪ ಎಡಗೈ ಕೊಡುತ್ತಿದ್ದ.

ಲಯ ತಪ್ಪಿದ ನಾಡಿಯ ಪ್ರಶ್ನೆಗೆ ಅವಳು ಪುಟಗಟ್ಟಲೆ ಬರೆದು ಬಂದಳು. ಪಾಸಾದ ಸುದ್ದಿ ಬರುವಷ್ಟರಲ್ಲಿ ಅಪ್ಪನ ಹೃದಯ ನಿಂತುಹೋಗಿತ್ತು.

ಈಗ ಅವಳು ವಾರ್ಡಿನ ಹಿರಿಯ ಸಿಸ್ಟರ್. ಕಲಿಯಲು ಬಂದ ಹುಡುಗಿಯರು, “ಎಣಿಕೆ ತಪ್ಪೋಯ್ತು ಸಿಸ್ಟರ್,” ಎಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ರೋಗಿಯ ಬಳಿಗೆ ಓಡುತ್ತಾಳೆ.

ಅಪ್ಪನ ಎಡಗೈಯಲ್ಲೂ ಬಡಿತ ಹಾಗೆಯೇ ತಪ್ಪುತ್ತಿತ್ತು. ಆಗಲೂ ಅವಳು ರೇಗಿದ್ದು ಅಪ್ಪನ ಮೇಲೆಯೇ.