ಗೀರಿನ ಅಂಗಿ ಹೊಲಿದವರು

ವಾರ್ಷಿಕ ವರದಿ ಬರೆಯುವುದೆಂದರೆ ನನಗೆ ಮೊದಲೆಲ್ಲ ಹಬ್ಬವಿದ್ದಂತೆ. ಎಪ್ಪತ್ತರ ದಶಕದಲ್ಲಿ ವಿಜಯನಗರ ಬಡಾವಣೆಯ ನಮ್ಮ ಯುವತಿ ಮಂಡಳಿಗೆ ನಾನೇ ಕಾರ್ಯದರ್ಶಿ. ವರ್ಷದ ಕೊನೆಗೆ ನಾಲ್ಕು ಹಾಳೆ ತುಂಬ ‘ಪ್ರಗತಿ’, ‘ಸಾಧನೆ’, ‘ತೃಪ್ತಿಕರ’ ಎಂದೆಲ್ಲ ಬರೆದು, ಸೆರಗು ಸರಿಮಾಡಿಕೊಂಡು, ಮೈಕಿನ ಮುಂದೆ ನಿಂತು ಓದುತ್ತಿದ್ದೆ. ಆದರೆ ಒಂದು ವರ್ಷದ ವರದಿಯನ್ನು ಮಾತ್ರ ಈಗಲೂ ತೆಗೆದು ನೋಡಲಾರೆ. ಬೇಕೆಂದೇ ಬರೆಯದೆ ಬಿಟ್ಟಿದ್ದ ಒಂದು ಸಾಲನ್ನು ಅವತ್ತು ನಾನು ಬಾಯಿಬಿಟ್ಟು ಹೇಳಿದ್ದೆ.

ಮಂಡಳಿ ಇದ್ದದ್ದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಮೂರು ಹೊಲಿಗೆ ಯಂತ್ರ, ಹಿಂದಿನದರಲ್ಲಿ ಎರಡು ಹಳೇ ಟೈಪ್‌ರೈಟರ್. ಬರುತ್ತಿದ್ದವರು ಹೆಚ್ಚಾಗಿ ಹೊಸಹಳ್ಳಿ, ಮೂಡಲಪಾಳ್ಯದ ಹುಡುಗಿಯರು. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗುವ ತನಕ ಮನೆಯಲ್ಲಿ ಕೂತವರು. ಹೊಲಿಗೆ ಅಂದರೆ ಯಾವ ತಂದೆಯೂ ಬೇಡ ಅನ್ನುತ್ತಿರಲಿಲ್ಲ; ನಾಳೆ ಗಂಡನ ಮನೆಯಲ್ಲಿ ಉಪಯೋಗಕ್ಕೆ ಬರುತ್ತದಲ್ಲ. ಟೈಪಿಂಗ್ ಅಂದರೆ ಆಫೀಸು, ಆಫೀಸು ಅಂದರೆ ಬಸ್ಸು, ಗಂಡಸರ ಪಕ್ಕದ ಕುರ್ಚಿ. ಅದಕ್ಕೇ ನಾನೊಂದು ಉಪಾಯ ಮಾಡಿದ್ದೆ. ಹೊಲಿಗೆ ರಿಜಿಸ್ಟರಿನಲ್ಲಿ ಹೆಸರು, ಟೈಪ್‌ರೈಟರ್ ಮೇಲೆ ಬೆರಳು. ಮನೆಯವರನ್ನು ಕೇಳಿದರೆ ಬೇಡ ಅಂತಾರೆ, ಹಾಗಾಗಿ ಕೇಳುವುದೇ ಬೇಡ ಅಂತ ತೀರ್ಮಾನ ಮಾಡಿದವಳೂ ನಾನೇ. ಎಂಥಾ ಜಾಣೆ ನಾನು ಅಂತ ಒಳಗೊಳಗೇ ಬೀಗುತ್ತಿದ್ದೆ.

ಹಿಂದಿನ ಕೋಣೆಯ ಟಕಟಕ ಬೀದಿಗೆ ಕೇಳಿಸಬಾರದು ಅಂತ ಮುಂದಿನ ಕೋಣೆಯಲ್ಲಿ ಯಂತ್ರಗಳು ಸುಮ್ಮನೆ ತಿರುಗುತ್ತಿದ್ದವು. ಯಾರದಾದರೂ ತಾಯಿ ಬಂದರೆ ನಮ್ಮ ಹೊಲಿಗೆ ಟೀಚರ್ ಜೋರಾಗಿ ಕೆಮ್ಮುತ್ತಿದ್ದರು. ಆಗ ಒಳಗಿದ್ದವರು ಓಡಿಬಂದು ಪೆಡಲ್ ಮೇಲೆ ಕಾಲಿಡುತ್ತಿದ್ದರು. ವರ್ಷವಿಡೀ ಬಂದ ಮೇಲೆ ಮನೆಗೆ ಏನಾದರೂ ಹೊಲಿದು ಒಯ್ಯಬೇಕಲ್ಲ? ಅದಕ್ಕೂ ಆ ಟೀಚರ್ರೇ ದಿಕ್ಕು. ಟೈಪಿಂಗ್ ಹುಡುಗಿಯರ ಪಾಲಿನ ರವಿಕೆ, ಲಂಗವನ್ನೆಲ್ಲ ಅವರೇ ಹೊಲಿದು, ಕಲಿಯುವವರ ಕೈಕೆಲಸದ ಹಾಗೆ ಕಾಣಲಿ ಅಂತ ಒಂದೆರಡು ಹೊಲಿಗೆಯನ್ನು ಬೇಕೆಂದೇ ಸೊಟ್ಟ ಹಾಕಿ ಕೊಡುತ್ತಿದ್ದರು.

ನಾನು ಹೇಳುತ್ತಿರುವ ಹುಡುಗಿ ಹೊಸಹಳ್ಳಿಯವಳು. ತಂದೆ ಮಾಗಡಿ ರಸ್ತೆಯ ಮಿಲ್ಲಿನಲ್ಲಿ ಕೆಲಸಕ್ಕಿದ್ದರು, ತಾಯಿ ಇರಲಿಲ್ಲ. ಅವಳ ಬೆರಳು ಕೀಲಿಗಳ ಮೇಲೆ ಓಡುವುದನ್ನು ನೋಡಲು ನಾನು ಕೆಲಸ ಬಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದೆ. ರಿಬ್ಬನ್ನಿನ ಮಸಿ ಬೆರಳಿಗಂಟಿದರೆ, ಅದು ಮೆಷಿನ್ ಎಣ್ಣೆ ಅಂತ ಮನೆಯಲ್ಲಿ ಹೇಳುತ್ತಿದ್ದಳಂತೆ. ಟೈಪಿಂಗಿನ ಜೂನಿಯರ್ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದಳು. ನಾನೇ ಕರೆದುಕೊಂಡು ಹೋಗಿ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿ, ವಿಳಾಸಕ್ಕೆ ಮಂಡಳಿಯದನ್ನೇ ಕೊಟ್ಟು ಬಂದೆ.

ಒಂದು ದಿನ ಅವಳ ತಂದೆ ಒಂದು ತುಂಡು ನೀಲಿ ಗೀರಿನ ಬಟ್ಟೆ ಹಿಡಿದುಕೊಂಡು ಮಂಡಳಿಗೇ ಬಂದುಬಿಟ್ಟರು. ಮಗಳ ಕೈಯಲ್ಲಿ ಒಂದು ಅಂಗಿ ಹೊಲಿಸಿಕೊಳ್ಳಬೇಕಂತೆ. ಅಳತೆ ಕೊಡಲು ಎರಡೂ ಕೈ ಅಗಲಿಸಿ ನಿಂತರು. ಅವಳು ಟೇಪು ಹಿಡಿದು ಭುಜ, ಎದೆ, ತೋಳು ಅಂತ ಅಳೆದಳು. ಟೇಪನ್ನು ತಿರುವುಮುರುವು ಹಿಡಿದಿದ್ದಳು. ಪಕ್ಕದಲ್ಲಿ ನಿಂತ ಟೀಚರ್ ಕಣ್ಣಳತೆಯಲ್ಲೇ ಎಲ್ಲ ಬರೆದುಕೊಂಡರು. ತಂದೆ ಹೋದ ಮೇಲೆ ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೌದು, ನಕ್ಕೆವು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ವಾರ್ಷಿಕೋತ್ಸವಕ್ಕೆ ಎರಡು ದಿನ ಮುಂಚೆ ಅವಳಿಗೆ ಇಂಟರ್‌ವ್ಯೂ ಕಾರ್ಡು ಬಂತು. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ಭಾನುವಾರ ನಮ್ಮ ಉತ್ಸವ, ಮಾರನೇ ದಿನವೇ ಇಂಟರ್‌ವ್ಯೂ. ಕಾರ್ಡನ್ನು ಅವಳು ಮನೆಗೆ ಒಯ್ಯಲಿಲ್ಲ, ನನ್ನ ಹತ್ತಿರವೇ ಇಡಲು ಹೇಳಿದಳು. “ಆರ್ಡರ್ ಕೈಗೆ ಬರ್ಲಿ ಮಿಸ್. ಆಮೇಲೆ ನಾನೇ ಅಪ್ಪಂಗೆ ಹೇಳ್ತೀನಿ. ಅಲ್ಲೀವರ್ಗೂ ನೀವು ಯಾರ್ಗೂ ಹೇಳ್ಬೇಡಿ,” ಅಂದಳು. ಆಯಿತು ಅಂತ ಅವಳ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ವರದಿಯಲ್ಲಿ ಅವಳ ಹೆಸರನ್ನು ಹೊಲಿಗೆ ವಿಭಾಗದಲ್ಲೇ ಬರೆದೆ.

ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿಸಿದ್ದೆವು. ಅವಳ ತಂದೆ ಎರಡನೇ ಸಾಲಿನಲ್ಲಿ ಕೂತಿದ್ದರು, ಮೈಮೇಲೆ ಇಸ್ತ್ರಿ ಮಾಡಿದ ಆ ನೀಲಿ ಗೀರಿನ ಅಂಗಿ. ಅಕ್ಕಪಕ್ಕದವರಿಗೆ ಕಾಲರ್ ಎತ್ತಿ ತೋರಿಸಿ, ಮಗಳು ಹೊಲಿದದ್ದು ಅಂತ ಹೇಳುತ್ತಿದ್ದರು. ನಾನು ವರದಿ ಓದಿ ಮುಗಿಸಿದೆ, ಚಪ್ಪಾಳೆ ಬಿತ್ತು. ಅಲ್ಲಿಗೆ ನಾನು ಸುಮ್ಮನೆ ಕೂತಿದ್ದರೆ ಆಗಿಹೋಗುತ್ತಿತ್ತು.

ಮುಖ್ಯ ಅತಿಥಿಯಾಗಿ ಬಂದಿದ್ದವರು ಬಡಾವಣೆಯ ದೊಡ್ಡ ಮನುಷ್ಯರೊಬ್ಬರು; ಸಭೆಗೆ ಮೊದಲು ಮಂಡಳಿಯ ಎರಡೂ ಕೋಣೆ ನೋಡಿಕೊಂಡು ಬಂದಿದ್ದರು. ಹೆಣ್ಣುಮಕ್ಕಳಿಗೆ ಗುಂಡಿ, ಕಾಜ ಹಾಕಲು ಬಂದರೆ ಅದೇ ಪ್ರಗತಿ, ಹಿಂದಿನ ಕೋಣೆಯಲ್ಲಿ ಟೈಪ್‌ರೈಟರ್ ಯಾಕೆ ತುಕ್ಕು ಹಿಡಿಸಿದ್ದೀರಿ, ಮಾರಿಬಿಡಿ ಅಂತ ಭಾಷಣ ಬಿಗಿದರು. ಜನ ನಕ್ಕರು. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತು ನೆತ್ತಿಗೇರಿತು. ವಂದನಾರ್ಪಣೆಗೆ ಎದ್ದವಳು ಮೈಕು ಹಿಡಿದು, ತುಕ್ಕು ಹಿಡಿದಿಲ್ಲ ಸ್ವಾಮಿ, ಅದೇ ಯಂತ್ರದಲ್ಲಿ ಕಲಿತು ನಮ್ಮ ಹುಡುಗಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದಾಳೆ, ನಾಳೆ ಸರ್ಕಾರಿ ಕೆಲಸದ ಇಂಟರ್‌ವ್ಯೂಗೆ ಹೋಗುತ್ತಾಳೆ ಅಂದುಬಿಟ್ಟೆ. ಅವಳ ಹೆಸರು ಹಿಡಿದು ಕರೆದು, ಎದ್ದು ನಿಲ್ಲಲು ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವಳು ಏಳಲಿಲ್ಲ. ಎದ್ದವರು ಅವಳ ತಂದೆ. ಕೂಗಾಡಲಿಲ್ಲ, ಬೈಯಲಿಲ್ಲ. ಸಭೆ ಮುಗಿಯುವ ತನಕ ಕಂಬ ಹಿಡಿದು ನಿಂತಿದ್ದು, ಜನ ಕರಗಿದ ಮೇಲೆ ನನ್ನ ಹತ್ತಿರ ಬಂದರು. ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದರು.

“ಹಂಗಾದ್ರೆ ಅಮ್ಮಾವ್ರೇ, ಇದನ್ನ ಹೊಲ್ದಿದ್ದು ಯಾರು?”

ಪಕ್ಕದಲ್ಲಿದ್ದ ಹೊಲಿಗೆ ಟೀಚರ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಉತ್ತರ ಆ ತಂದೆಗೆ ಅದರಲ್ಲೇ ಸಿಕ್ಕಿತು. ಮಗಳನ್ನು ಮುಂದೆ ನಡೆಸಿಕೊಂಡು ಹೊರಟುಹೋದರು.

ಮಾರನೇ ದಿನ ಬೆಳಿಗ್ಗೆ ಏಳಕ್ಕೆಲ್ಲ ಇಂಟರ್‌ವ್ಯೂ ಕಾರ್ಡು ಹಿಡಿದು ಹೊಸಹಳ್ಳಿಗೆ ಹೋದೆ. ಅವರ ಮನೆಗೆ ನಾನು ಹೋದದ್ದು ಅದೇ ಮೊದಲು. ತಂದೆ ಚಾಪೆ ಹಾಸಿ ಕೂರಿಸಿದರು. ಹತ್ತು ಗಂಟೆಗೆ ಇಂಟರ್‌ವ್ಯೂ, ನಾನೇ ಜೊತೆಗೆ ಹೋಗಿ ವಾಪಸು ಕರೆತಂದು ಬಿಡುತ್ತೇನೆ, ತಪ್ಪೆಲ್ಲ ನನ್ನದು, ಹುಡುಗಿಯ ಬಾಳಿನ ಪ್ರಶ್ನೆ ಅಂತ ಬೇಡಿಕೊಂಡೆ. ಅವರು ನೆಲ ನೋಡುತ್ತಾ ಎಲ್ಲ ಕೇಳಿಸಿಕೊಂಡರು. ಬೇಡ ಅಂದುಬಿಡುತ್ತಾರೆ ಅಂತ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರು ಹೇಳಿದ್ದೇ ಬೇರೆ.

“ಕೇಳಿದ್ರೆ ಕಳುಸ್ತಿದ್ನೋ ಏನೋ ಅಮ್ಮಾವ್ರೇ. ನನ್ನನ್ನ ಯಾರೂ ಕೇಳ್ಲೇ ಇಲ್ವಲ್ಲ. ಒಂದು ವರ್ಷ ಮಗಳು ಹೇಳಿದ್ದೆಲ್ಲ ನಂಬ್ದೆ. ಇನ್ನು ಆಫೀಸ್ಗೆ ಹೋಗ್ತೀನಿ ಅಂದ್ರೆ ಹೆಂಗೆ ನಂಬ್ಲಿ?”

ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಅತ್ತೂ ಅತ್ತೂ ಮುಖ ಊದಿಕೊಂಡಿತ್ತು. ನನ್ನ ಕೈಯಲ್ಲಿದ್ದ ಕಾರ್ಡನ್ನು ನೋಡಿದಳು, ಆಮೇಲೆ ನನ್ನನ್ನು. “ಮಾತು ಕೊಟ್ಟಿದ್ರಿ ಮಿಸ್,” ಅಂದಳು. ಅಷ್ಟೇ. ಮಗುವಿನ ಹಾಗೆ ಅಳಬೇಕು ಅನ್ನಿಸಿತು, ಆದರೆ ಆ ಮನೆಯಲ್ಲಿ ಅಳುವ ಹಕ್ಕು ನನಗಿರಲಿಲ್ಲ. ಹೊರಡುವಾಗ ತಂದೆ ಒಂದು ಪೇಪರಿನ ಪೊಟ್ಟಣ ಕೊಟ್ಟರು. ಒಳಗೆ ಒಗೆದು ಮಡಿಸಿದ ಗೀರಿನ ಅಂಗಿ ಇತ್ತು, ಇನ್ನೂ ತೇವ ಆರಿರಲಿಲ್ಲ. ಹೊಲಿದವರಿಗೆ ಕೊಟ್ಟುಬಿಡಿ ಅಂದರು.

ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಮಂಡಳಿಯಲ್ಲಿ ಆ ಕಾರ್ಡನ್ನು ಮೇಜಿನ ಮೇಲಿಟ್ಟುಕೊಂಡು ನಾನು ಗಡಿಯಾರ ನೋಡುತ್ತಾ ಕೂತಿದ್ದೆ. ಎರಡು ತಿಂಗಳಲ್ಲಿ ಕೆಂಗೇರಿ ಕಡೆಯ ಸೋದರಮಾವನ ಜೊತೆ ಅವಳ ಮದುವೆಯಾಯಿತು. ನನಗೆ ಕರೆಯೋಲೆ ಬರಲಿಲ್ಲ, ಬರುತ್ತದೆ ಅಂತ ನಾನು ಕಾದೂ ಇರಲಿಲ್ಲ. ಅಲ್ಲಿ ಅವಳು ಹೇಗಿದ್ದಾಳೋ, ಯಾರಿಂದಲೂ ಕೇಳಿ ತಿಳಿಯುವ ಧೈರ್ಯ ನನಗೆ ಬರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಮುಂದಿನ ವರ್ಷ ಟೈಪಿಂಗ್ ತರಗತಿ ಶುರುಮಾಡುವ ಮೊದಲು ಮನೆಮನೆಗೆ ಹೋಗಿ ತಂದೆತಾಯಿಯರನ್ನೇ ಕೇಳುವುದು ಅಂತ ಹೊರಟೆ. ಮೊದಲನೇ ಮನೆ ಹೊಸಹಳ್ಳಿಯ ಅದೇ ಬೀದಿಯಲ್ಲಿ, ಅವಳ ಮನೆಯ ಎದುರಿಗೇ. ಆ ಹುಡುಗಿಯ ತಂದೆಯೂ ಅದೇ ಮಿಲ್ಲಿನವರು. ಆಫೀಸು, ಬಸ್ಸು, ಗಂಡಸರು ಅಂತ ಅವರು ತೆಗೆಯಬಹುದಾದ ಮಾತಿಗೆಲ್ಲ ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡು ಹೋಗಿದ್ದೆ. ಅವರು ಬೀಡಿ ಆರಿಸಿ, ನನ್ನನ್ನು ವಿಚಿತ್ರವಾಗಿ ನೋಡಿದರು.

“ಟೈಪಿಂಗಾ? ಕಲೀಲಿ ಬಿಡಿ ಅಮ್ಮಾವ್ರೇ. ಇಷ್ಟು ಕೇಳಕ್ಕೆ ಬಿಸ್ಲಲ್ಲಿ ನಡ್ಕೊಂಡ್ ಬಂದ್ರಾ?”

ಅವರ ಹೆಂಡತಿ ಕಾಫಿ ತಂದರು. ಎದುರು ಮನೆಯ ಕಡೆ ನೋಡುತ್ತಲೇ ಲೋಟ ತೆಗೆದುಕೊಂಡೆ, ಅರ್ಧ ಸೀರೆಯ ಮೇಲೆ ಚೆಲ್ಲಿತು. ಬಿಸಿ ತಾಗಿತೇನೋ ಅಂತ ಆಕೆ ಗಾಬರಿಯಾದರು, ನಾನು ಹೌದು ಅಂತಲೇ ಹೇಳಿ ಕಣ್ಣೊರೆಸಿಕೊಂಡೆ.

ಹೊರಗೆ ಬಂದರೆ, ಎದುರು ಜಗಲಿಯ ಮೇಲೆ ಅವಳ ತಂದೆ ಕೂತಿದ್ದರು. ನಾನು ಅಲ್ಲೇ ನಿಂತೆ.

“ಈ ಸಲ ಕೇಳಿದ್ರಾ?” ಅಂದರು.

“ಕೇಳಿದೆ,” ಅಂದೆ.

ಅವರು ತಲೆಯಾಡಿಸಿ, ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು.